ಉಡಿ ತುಂಬಿದ ಶನಿವಾರ

ಬೀದರದ ಪಕ್ಕದ ಕೊಳಾರದ ಅಂಗಿ ಫ್ಯಾಕ್ಟರಿಗೆ ಸೇರುವುದು ಸುಲಭ, ಬಿಡುವುದು ಅದಕ್ಕಿಂತ ಸುಲಭ. ಸೇರಬೇಕಾದರೆ ಆಧಾರ್ ಕಾರ್ಡಿನ ಜೆರಾಕ್ಸು, ಎರಡು ಫೋಟೊ, ಬ್ಯಾಂಕಿನ ಪಾಸ್‌ಬುಕ್ಕು ಬೇಕು. ಬಿಡುವುದಕ್ಕೆ ಏನೂ ಬೇಡ. ಒಂದು ಸೋಮವಾರ ಬಾರದೆ ಉಳಿದರಾಯಿತು. ನಾಗಸೇನ ಅಲ್ಲಿ ಸಿಬ್ಬಂದಿಯನ್ನು ನೋಡಿಕೊಳ್ಳುವ ಅಧಿಕಾರಿಯಾಗಿ ಎರಡು ವರ್ಷವಾಗಿತ್ತು. ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ನಿಂತು ಯಾರು ಬರಲಿಲ್ಲ ಎಂದು ಎಣಿಸಿ ಬೋರ್ಡಿನ ಮೇಲೆ ಬರೆಯುವುದೇ ಅವನ ಮುಖ್ಯ ಉದ್ಯೋಗವಾಗಿಬಿಟ್ಟಿತ್ತು.

ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಫ್ಯಾಕ್ಟರಿ ಅದು. ಒಬ್ಬಳಿಗೆ ಕಾಲರ್ ಕೂಡಿಸುವುದನ್ನು ಕಲಿಸಲು ಎರಡು ತಿಂಗಳು ಬೇಕು. ಕೈ ಕುದುರುವ ಹೊತ್ತಿಗೆ ಸರಿಯಾಗಿ ಅವಳ ಮದುವೆ ಗೊತ್ತಾಗುತ್ತದೆ, ಇಲ್ಲವೆ ಸೋಯಾ ರಾಶಿ ಬರುತ್ತದೆ, ಇಲ್ಲವೆ ಅತ್ತೆಯ ಮೊಣಕಾಲು ಹಿಡಿದುಕೊಳ್ಳುತ್ತದೆ. ತಡೆಯಲು ಕಂಪನಿ ಮಾಡದ ಕಸರತ್ತಿಲ್ಲ. ತಿಂಗಳ ಉತ್ತಮ ಕೆಲಸಗಾರ್ತಿ ಎಂದು ಗೋಡೆಗೆ ಫೋಟೊ ಹಾಕಿದರು; ಫೋಟೊದಲ್ಲಿ ಚೆಂದ ಕಂಡ ಹುಡುಗಿಗೆ ಅದೇ ತಿಂಗಳು ಗಂಡು ಸಿಕ್ಕಿ, ಫೋಟೊ ಗೋಡೆಯ ಮೇಲೆ ಉಳಿಯಿತು, ಹುಡುಗಿ ಜಹೀರಾಬಾದಿಗೆ ಹೋದಳು. ಒಂದು ದಿನವೂ ತಪ್ಪಿಸದವರಿಗೆ ಸ್ಟೀಲಿನ ಡಬ್ಬಿ ಕೊಟ್ಟರು. ಡಬ್ಬಿ ಕೈಗೆ ಬಂದ ಮರುದಿನ ನಾಲ್ವರು ರಜೆ ಹಾಕಿದರು. ವರ್ಷದೊಳಗೆ ಬಿಡುವುದಿಲ್ಲವೆಂದು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಲು ಹೋದರು. ಕಾಗದ ನೋಡಿಯೇ ಹೆದರಿ ಆರು ಮಂದಿ ಸೇರುವ ಮೊದಲೇ ಬಿಟ್ಟರು.

ಇಂಥ ಫ್ಯಾಕ್ಟರಿಯಲ್ಲಿ ಮೂರನೇ ಲೈನು, ಅಂದರೆ ಹೊಲಿಗೆ ಮಷಿನುಗಳ ಮೂರನೇ ಸಾಲು, ಒಂದು ಪವಾಡ. ಅಲ್ಲಿನ ಹದಿಮೂರು ಹೆಂಗಸರು ಒಂದು ವರ್ಷದಿಂದ ಕೂತ ಜಾಗ ಬಿಟ್ಟು ಅಲುಗಾಡಿರಲಿಲ್ಲ. ಅದಕ್ಕೆ ಕಾರಣ ಯಾವ ಡಬ್ಬಿಯೂ ಅಲ್ಲ, ಗಂಗುಬಾಯಿ. ಔರಾದ ತಾಲೂಕಿನ ಎಕಂಬಾದವಳು, ನಲವತ್ತು ದಾಟಿದವಳು, ಫ್ಯಾಕ್ಟರಿಯಲ್ಲಿ ನಾಗಸೇನನಿಗಿಂತ ಎಷ್ಟೋ ಹಳಬಳು, ಗಂಡ ತೀರಿಕೊಂಡ ಮೇಲೆ ಕುರಿ ಕಾಯುವ ಮಾವನ ಜೊತೆ ಇದ್ದವಳು. ಕತ್ತಲಿರುವಾಗಲೇ ಎದ್ದು ರೊಟ್ಟಿ ಬಡಿದಿಟ್ಟು, ಔರಾದಿಗೆ ಬಂದು ಕಂಪನಿಯ ವ್ಯಾನು ಹತ್ತುವಳು. ಹೊಸ ಹುಡುಗಿ ಸೂಜಿ ಮುರಿದರೆ ತಾನು ಮುರಿದೆ ಎನ್ನುವಳು. ಯಾರಾದರೂ ಮುಖ ಸಪ್ಪಗೆ ಮಾಡಿಕೊಂಡು ಬಂದರೆ ಮಧ್ಯಾಹ್ನ ಅವಳ ಬುತ್ತಿ ಬಿಚ್ಚಿಸಿ, ಅರ್ಧ ತಾನು ತಿಂದು, ಕಥೆಯನ್ನೆಲ್ಲ ಹೊರಗೆ ತೆಗೆಸುವಳು.

ಇನ್ನು ನಾಗಸೇನನ ಗುಟ್ಟು. ಅವನ ಹೆಂಡತಿ ಪ್ರಣಾಲಿ ಗಡಿಯಾಚೆಯ ಸಂಗಾರೆಡ್ಡಿ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸು. ನಾಲ್ಕು ವರ್ಷದ ಮಗಳು ಮಹಾಮಾಯಾ ತಾಯಿಯ ಹತ್ತಿರ ಇದ್ದಳು. ಇವನು ಭಾಲ್ಕಿಯಲ್ಲಿ ತನ್ನ ತಾಯಿಯೊಂದಿಗೆ ಇದ್ದು ದಿನಾ ಬೈಕಿನ ಮೇಲೆ ಕೊಳಾರಕ್ಕೆ ಬಂದು ಹೋಗುತ್ತಿದ್ದ. ಭಾನುವಾರಕ್ಕೊಮ್ಮೆ ಮಗಳ ಮುಖ. ಕೊನೆಗೆ ಸಂಗಾರೆಡ್ಡಿಯ ಕಡೆಯೇ ಒಂದು ಔಷಧ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಜುಲೈ ಒಂದಕ್ಕೆ ಹಾಜರಾಗಬೇಕು. ಪತ್ರ ಬಂದು ಹತ್ತು ದಿನವಾದರೂ ಅವನು ಫ್ಯಾಕ್ಟರಿಯಲ್ಲಿ ಯಾರಿಗೂ ಬಾಯಿಬಿಟ್ಟಿರಲಿಲ್ಲ. ಬಿಟ್ಟುಹೋಗುವವರನ್ನು ಹಿಡಿದು ನಿಲ್ಲಿಸಲು ಸಂಬಳ ಪಡೆಯುವವನು ತಾನೇ ಬಿಟ್ಟುಹೋಗುತ್ತೇನೆಂದು ಯಾವ ಬಾಯಿಂದ ಹೇಳುವುದು? ಹೋಗುವ ಮೊದಲು ಒಂದು ಒಳ್ಳೆಯ ಕೆಲಸ ಮಾಡಿ ಹೋಗೋಣ ಎನಿಸಿತು. ಮೂರನೇ ಲೈನಿನವರಿಗೆ ವರ್ಷ ತುಂಬಿದ್ದಕ್ಕೆ ಸನ್ಮಾನ ಮಾಡಿಸುವುದು.

ಸನ್ಮಾನವೆಂದರೆ ಶಾಲು, ಹಾರ, ಭಾಷಣ. ಅದು ಬೇಡ, ಹೆಣ್ಣುಮಕ್ಕಳಿಗೆ ಹಿಡಿಸುವಂಥದ್ದು ಬೇಕು ಎಂದು ಯೋಚಿಸಿದಾಗ ಅವನಿಗೆ ಬಾಲ್ಯದ ನೆರೆಮನೆ ನೆನಪಾಯಿತು. ಆ ಮನೆಯಲ್ಲಿ ಹೆಣ್ಣುಮಕ್ಕಳನ್ನು ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಖಣ, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ ಸೆರಗಿಗೆ ಸುರಿದು ಉಡಿ ತುಂಬುತ್ತಿದ್ದರು. ಉಡಿ ತುಂಬಿಸಿಕೊಂಡವಳ ಮುಖ ಎಷ್ಟು ಬೆಳಗುತ್ತಿತ್ತು ಎಂಬುದು ಅವನಿಗೆ ಚೆನ್ನಾಗಿ ನೆನಪಿತ್ತು. ಅವನ ಮನೆಯಲ್ಲಿ ಆ ಪದ್ಧತಿ ಇರಲಿಲ್ಲ. ಅಜ್ಜನ ಕಾಲದಿಂದ ಬೌದ್ಧರು. ಬುದ್ಧನ ಪಟದ ಮುಂದೆ ಮೇಣಬತ್ತಿ ಹಚ್ಚಿ ಕೈ ಮುಗಿದರೆ ಹಬ್ಬ ಮುಗಿಯಿತು. ನೆರೆಮನೆಯ ಹೊಸ್ತಿಲ ಹೊರಗೆ ನಿಂತು ನೋಡಿದ ಹುಡುಗನಿಗೆ ಬೆಳಗುವ ಮುಖ ಕಂಡಿತ್ತೇ ಹೊರತು, ಆ ಉಡಿಯನ್ನು ಯಾವ ಹೊತ್ತಿನಲ್ಲಿ ತುಂಬುತ್ತಾರೆ ಎಂಬುದು ತಲೆಗೆ ಹೋಗಿರಲಿಲ್ಲ.

ಫ್ಯಾಕ್ಟರಿಯ ಮ್ಯಾನೇಜರ ಏಕನಾಥರಾವ್ ಒಪ್ಪಿದರು. ಆದರೆ ಕೆಲಸ ನಿಲ್ಲಬಾರದು ಎಂದರು. ಜೂನ್ ತಿಂಗಳು, ಶಾಲೆಗಳು ತೆರೆದು ಅಂಗಿಗಾಗಿ ಬಾಯಿ ಬಿಡುತ್ತಿದ್ದವು. ಹಾಗಾಗಿ ಶನಿವಾರ ಸಂಜೆ, ಪಾಳಿ ಮುಗಿದು ಎಲ್ಲರೂ ಚೀಲ ಹೆಗಲಿಗೇರಿಸಿ ಹೊರಟ ಹೊತ್ತಿಗೆ, ಗೇಟಿನ ಒಳಗೇ ಜಮಖಾನೆ ಹಾಸಿದರು. ಏಕನಾಥರಾಯರ ಹೆಂಡತಿ ಬಂದು ಒಬ್ಬೊಬ್ಬರಿಗೇ ಉಡಿ ತುಂಬಿದರು. ಗಂಗುಬಾಯಿಯ ಸರದಿ ಬಂದಾಗ ಉಡಿ ತುಂಬುತ್ತಿದ್ದ ಮೇಡಮ್ಮನ ಕೈ ತಡೆಯಿತು. ನಾಗಸೇನನ ಕಡೆ ನೋಡಿದರು. ಅವನಿಗೆ ಅದರ ಅರ್ಥವಾಗಲಿಲ್ಲ.

"ಎಲ್ಲಾರಿಗೂ ರಿ ಮೇಡಂ, ಹದಿಮೂರೂ ಮಂದಿಗಿ," ಎಂದ.

ಆಕೆ ತುಂಬಿದರು. ಗಂಗುಬಾಯಿ ಸೆರಗೊಡ್ಡಿ ತಲೆ ತಗ್ಗಿಸಿದವಳು ಎತ್ತಲಿಲ್ಲ. ಆಮೇಲೆ ನಾಗಸೇನ ಎರಡು ಮಾತು ಆಡಿದ. ಎರಡೇ ಮಾತು ಆಡಬೇಕೆಂದುಕೊಂಡವನಿಗೆ, ತಾನು ಇನ್ನು ಹದಿನೈದು ದಿನದಲ್ಲಿ ಇವರನ್ನೆಲ್ಲ ಬಿಟ್ಟುಹೋಗುವವನು ಎಂಬುದು ಗಂಟಲಿಗೆ ಬಂತು. "ಈ ಒಂದು ವರ್ಷ ನೀವು ಮಾಡಿದ ಕೆಲಸ ನಾ ಮರಿಯಂಗಿಲ್ಲ. ಎಲ್ಲಿದ್ರೂ ನಿಮ್ಮನ್ನ ನೆನಸ್ತೇನಿ. ನೀವೆಲ್ಲಾ ಛಂದ ಇರ್ರಿ," ಎನ್ನುವಷ್ಟರಲ್ಲಿ ದನಿ ಒಡೆಯಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಒಬ್ಬರನ್ನೊಬ್ಬರು ತಬ್ಬಿಕೊಂಡರು. ಸಂತೋಷದ ಕಣ್ಣೀರು ಎಂದು ಅವನು ತಿಳಿದ. ಆ ಸಂಜೆ ಭಾಲ್ಕಿಯ ದಾರಿಯುದ್ದಕ್ಕೂ ತನ್ನನ್ನು ತಾನೇ ಮೆಚ್ಚಿಕೊಳ್ಳುತ್ತ ಬೈಕು ಓಡಿಸಿದ.

ಸೋಮವಾರ ಬೆಳಿಗ್ಗೆ ಮೂರನೇ ಲೈನಿನಲ್ಲಿ ಒಂದೇ ಮಷಿನು ಓಡುತ್ತಿತ್ತು.

ಅದರ ಮುಂದೆ ಕೂತವಳು ಬೀದರದ ಹಳೇ ಊರಿನ ಹಮೀದುನ್ನಿಸಾ. ಅಕ್ಕಪಕ್ಕದ ಹನ್ನೆರಡು ಕುರ್ಚಿ ಖಾಲಿ. ನಾಗಸೇನನನ್ನು ಕಂಡು ಅವಳೇ ಎದ್ದು ಬಂದಳು.

"ಸಾಬ್, ಇವತ್ತು ಸೂಟಿ ಅದ ಏನ್ರಿ? ನಂಗ ಯಾರೂ ಹೇಳೇ ಇಲ್ಲ."

"ಸೂಟಿ ಇಲ್ಲಮ್ಮ. ಎಲ್ಲಾ ಎಲ್ಲಿ ಹೋದ್ರು?"

"ನಂಗೇನ್ ಗೊತ್ತು ಸಾಬ್. ಶನಿವಾರ ಬಸ್ ಸ್ಟ್ಯಾಂಡಿನ ತನಾ ಅತ್ಕೋತ ಹೋದ್ರು. ನನ್ನ ಹಿಡ್ಕೊಂಡೂ ಅತ್ರು. ನಾನೂ ಜರಾ ಅತ್ತೆ, ಯಾಕ ಅಂತ ಗೊತ್ತಿಲ್ದೇನ. ಆ ಟೆಂಗಿನಕಾಯಿ ನಾವು ಚಟ್ನಿ ಮಾಡಿ ತಿಂದೇವಿ. ತಿನ್ನಬಾರದಿತ್ತೇನ್ರಿ?"

ನಾಗಸೇನ ಗಂಗುಬಾಯಿಗೆ ಫೋನು ಹಚ್ಚಿದ. ಮೂರನೇ ಸಲಕ್ಕೆ ಎತ್ತಿದಳು. ಹಿಂದಿನಿಂದ ಕುರಿಗಳ ಸದ್ದು ಕೇಳುತ್ತಿತ್ತು.

"ಯಾಕ ಬಂದಿಲ್ಲರಿ ಗಂಗಕ್ಕ?"

"ಹ್ಯಾಂಗ ಬರಬೇಕ್ರಿ ಸಾಹೇಬ್ರ? ಉಡಿ ತುಂಬಿ ಕಳಿಸೀರಿ. ಮಷಿನಿಗೆಲ್ಲಾ ನಂಬರ್ ಚೀಟಿ ಹಚ್ಚಿದಾಗನ ಗೊತ್ತಾತು, ಲೈನು ಮುಚ್ತಾರ ಅಂತ. ಪುಣ್ಯಾ, ನೀವು ಮರ್ಯಾದಿಲೆ ಕಳಿಸಿದ್ರಿ. ಬ್ಯಾರೇ ಕಡಿ ಬರಬ್ಯಾಡ್ರಿ ಅಂತ ಗೇಟಿನ್ಯಾಗ ಹೇಳಿ ಕಳಿಸ್ತಾರ."

ನಂಬರ್ ಚೀಟಿ ಹಚ್ಚಿದ್ದು ಮಷಿನಿಗೆ ಎಣ್ಣೆ ಬಿಡುವ ಮೆಕ್ಯಾನಿಕ್ಕು, ಯಾವುದಕ್ಕೆ ಬಿಟ್ಟೆ ಯಾವುದಕ್ಕೆ ಇಲ್ಲ ಎಂದು ಮರೆಯಬಾರದೆಂದು. ನಾಗಸೇನ ಅದನ್ನು ಹೇಳಿದ, ಯಾರೂ ಯಾರನ್ನೂ ಕಳಿಸಿಲ್ಲ ಎಂದ, ನಾಳೆಯೇ ಬನ್ನಿರಿ ಎಂದು ಬೇಡಿಕೊಂಡ.

"ತವರುಮನ್ಯಾಗ ಉಡಿ ತುಂಬಿ ಕಳಿಸಿದ ಮಗಳು ಫೋನ್ ಮಾಡಿದ್ರ ಬರ್ತಾಳೇನ್ರಿ?" ಎಂದು ಗಂಗುಬಾಯಿ ಇಟ್ಟುಬಿಟ್ಟಳು.

ಏಕನಾಥರಾಯರು ಕೂಗಾಡಲಿಲ್ಲ. ಅವರು ಕೂಗಾಡದಿದ್ದರೇ ಹೆಚ್ಚು ಭಯ. ಸೋಲಾಪುರದಲ್ಲಿರುವ ಮಾಲೀಕರಿಗೆ ಫೋನು ಮಾಡಿ, ಕೇಳಿ, ಬಂದು ಹೇಳಿದರು. ಗುರುವಾರ ಬೆಳಿಗ್ಗೆ ಮೂರನೇ ಲೈನು ಓಡಬೇಕು. ಓಡದಿದ್ದರೆ ಆ ಮಷಿನುಗಳನ್ನು ಲಾರಿಗೆ ಹೇರಿ ಸೋಲಾಪುರಕ್ಕೆ ಒಯ್ಯುತ್ತಾರೆ. ಹನ್ನೆರಡು ಹೆಂಗಸರು ಸುಳ್ಳೇ ಹೋಯಿತೆಂದು ತಿಳಿದುಕೊಂಡ ಕೆಲಸ ಮೂರು ದಿನದಲ್ಲಿ ನಿಜವಾಗಿಯೂ ಹೋಗುವುದರಲ್ಲಿತ್ತು. ಅದನ್ನು ಮಾಡಿದವನು ನಾಗಸೇನ, ಪ್ರೀತಿಯಿಂದಲೇ ಮಾಡಿದ್ದ.

ಆ ಸಂಜೆ ಅವನು ಮನೆಗೆ ಬಂದು ಬೂಟು ಬಿಚ್ಚದೆ ಅಂಗಳದಲ್ಲಿ ಕೂತ. ಅವನ ತಾಯಿ ಜಿಜಾಬಾಯಿ ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳ ಮೂಗು ಒರೆಸಿ ನಿವೃತ್ತಳಾದವಳು. ಮಗನ ಮುಖ ನೋಡಿ ಚಹಾ ಇಟ್ಟಳು. ಪೂರ್ತಿ ಕೇಳಿಸಿಕೊಂಡಳು. ಕೇಳಿ ಮೊದಲು ನಕ್ಕಳು, ಆಮೇಲೆ ನಗುವುದು ಬಿಟ್ಟಳು.

"ಹುಚ್ಚ ಇದ್ದಿ ನೋಡು. ಆಜೂಬಾಜೂ ಮನ್ಯಾಗ ಇಷ್ಟು ವರ್ಷ ನೋಡೀದಿ, ಮಗಳು ಬಂದ ದಿನ ಉಡಿ ತುಂಬ್ತಾರೇನು? ಹೊಂಟ ದಿನ ತುಂಬ್ತಾರ. ಚೀಲ ಕಟ್ಟಿ ಬಾಗಲಾಗ ನಿಂತಾಗ. ನೀ ಗೇಟಿನ್ಯಾಗ ನಿಲ್ಲಿಸಿ, ಸಂಜಿಮುಂದ, ಚೀಲ ಹೆಗಲ ಮ್ಯಾಲ ಇದ್ದಾಗ ತುಂಬಿಸೀದಿ."

"ನಂಗ ಗೊತ್ತಿರ್ಲಿಲ್ಲ ಆಯಿ."

"ಅದು ಇರ್ಲಿ. ಮಾತು ಏನಂತ ಆಡಿದಿ?"

ಅವನು ಭಾಷಣವನ್ನು ಮತ್ತೊಮ್ಮೆ ಒಪ್ಪಿಸಿದ.

"ಅವರು ತಪ್ಪು ತಿಳ್ಕೊಂಡಿಲ್ಲ, ನಾಗ್ಯಾ. ಹೋಗೋರು ಆಡೋ ಮಾತು ಆಡೀದಿ. ಯಾರೋ ಹೊಂಟಾರ ಅಂತ ಅವರಿಗಿ ಗೊತ್ತಾಗ್ಯಾದ. ಹೊಂಟಿದ್ದು ನೀನು, ಪಾಪ ಅವರು ತಾವಂತ ತಿಳ್ಕೊಂಡಾರ."

ನಾಗಸೇನ ಚಹಾದ ಲೋಟ ಕೆಳಗಿಟ್ಟ. ಈಗೇನು ಮಾಡಬೇಕೆಂದು ಕೇಳಿದ.

"ಮಾಡೋದೇನದ? ನಾಗರ ಪಂಚಮಿಗಿ ಅಣ್ಣತಮ್ಮ ಹೋಗಿ ತಂಗೀನ ಕರ್ಕೊಂಡು ಬರಂಗಿಲ್ಲೇನು? ಹಂಗ ಹೋಗಿ ಕರಿ. ಬರಿಗೈಲೆ ಹೋಗಬ್ಯಾಡ."

ಅವಳು ಎದ್ದು ಶೇಂಗಾ ಹುರಿಯಲು ಕೂತಳು. ಮಂಗಳವಾರ ಬೆಳಗಾಗುವಷ್ಟರಲ್ಲಿ ಶೇಂಗಾ ಹೋಳಿಗೆ ಎರಡು ಡಬ್ಬಿ ತುಂಬಿತ್ತು. ಡಬ್ಬಿಯನ್ನು ಅರಿವೆಯಲ್ಲಿ ಕಟ್ಟಿಕೊಡುತ್ತ ಮಗನ ಮುಖ ನೋಡದೆ ಹೇಳಿದಳು: "ನಮ್ಮನಿ ಹೋಳಿಗಿ ಎಲ್ಲಾರೂ ತಿಂತಾರೋ ಇಲ್ಲೋ. ತಿನ್ನಲಿಲ್ಲಂದ್ರ ಮನಸಿಗಿ ಹಚ್ಚಿಕೋಬ್ಯಾಡ. ವಾಪಸ್ ತಗೊಂಡು ಬಾ, ನಾ ತಿಂತೇನಿ."

ಮೊದಲು ಹತ್ತಿರದ ಹಲಬರ್ಗಾ. ಅಲ್ಲಿ ಆರತಿ ಎಂಬ ಹುಡುಗಿ, ಲೈನಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಚುರುಕಾಗಿ ಗುಂಡಿಯ ಕಾಜ ಹೊಲಿಯುವವಳು. ಸೋಯಾ ಬಿತ್ತನೆಗೆ ಹೊಲಕ್ಕೆ ಹೋಗಿದ್ದವಳನ್ನು ತಂಗಿ ಓಡಿಹೋಗಿ ಕರೆತಂದಳು. ಕಾಲ ತುಂಬ ಕಪ್ಪು ಮಣ್ಣು. ಸಾಹೇಬರು ಮನೆಗೆ ಬಂದದ್ದನ್ನು ಕಂಡು ಗಾಬರಿಯಾದಳು, ಹೋಳಿಗೆ ಕೈಗೆ ಬಂದಾಗ ಅತ್ತಳು, ಅಳುತ್ತಲೇ ತಿಂದಳು. ಅವಳ ತಾಯಿ, ಕೆಲಸ ಹೋಯಿತಲ್ಲ ಎಂದು ಮಗಳನ್ನು ಲಾತೂರಿನ ಅಕ್ಕನ ಮನೆಗೆ ಕಳಿಸಲು ಚೀಲ ಕಟ್ಟಿಟ್ಟಿದ್ದಳು.

"ನಾ ಬರ್ತೇನ್ರಿ ಸರ್. ಆದ್ರ ಗಂಗಕ್ಕ ಬಂದ್ರ ಬರ್ತೇನಿ. ಗಂಗಕ್ಕ ಇಲ್ಲಂದ್ರ ಅಲ್ಲಿ ಯಾರದಾರ ನಮಗ?"

ಆ ದಿನ ಅವನು ಇನ್ನೂ ಏಳು ಮನೆ ತಿರುಗಿದ. ಏಳೂ ಮನೆಯಲ್ಲಿ ಚಹಾ ಕುಡಿದ, ಏಳೂ ಮನೆಯಲ್ಲಿ ಇದೇ ಮಾತು ಕೇಳಿದ. ಗಂಗಕ್ಕ ಬಂದರೆ.

ಬುಧವಾರ ಔರಾದ ದಾಟಿ ಎಕಂಬಾ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಗಂಗುಬಾಯಿ ಹಟ್ಟಿಯಲ್ಲಿ ಕುರಿಗಳ ಕೆಳಗೆ ಕಸ ಹೊಡೆಯುತ್ತಿದ್ದಳು. ಅವಳ ಮಾವ ಹಣಮಂತಪ್ಪ ಬೇವಿನ ಮರದ ಕೆಳಗೆ ಕಂಬಳಿ ಹಾಸಿಕೊಂಡು ಕೂತಿದ್ದ. ಗಂಗುಬಾಯಿ ಕೈ ತೊಳೆದು ಬಂದು, ನೀರು ಕೊಟ್ಟು, ಸೆರಗು ಸರಿಮಾಡಿಕೊಂಡು ಎದುರಿಗೆ ಕೂತಳು. ನಾಗಸೇನ ಅರಿವೆ ಬಿಚ್ಚಿ ಡಬ್ಬಿ ಮುಂದಿಟ್ಟ. ಫ್ಯಾಕ್ಟರಿಯ ಊಟದ ಹೊತ್ತಿನಲ್ಲಿ ಎಲ್ಲರ ಬುತ್ತಿಗೆ ಎಲ್ಲರೂ ಕೈಹಾಕುತ್ತಾರೆ. ಊರಿನಲ್ಲಿ, ಮಾವನ ಎದುರಿಗೆ, ಹೇಗೋ ಏನೋ. ಗಂಗುಬಾಯಿ ಒಂದು ಹೋಳಿಗೆ ತೆಗೆದು, ಮುರಿದು, ಅರ್ಧ ಮಾವನ ಕೈಗಿಟ್ಟು ಅರ್ಧ ಬಾಯಿಗೆ ಹಾಕಿಕೊಂಡಳು.

"ಬೆಲ್ಲ ಜರಾ ಕಮ್ಮಿ ಆಗ್ಯಾದ," ಎಂದ ಹಣಮಂತಪ್ಪ, ಇನ್ನೊಂದಕ್ಕೆ ಕೈ ಚಾಚುತ್ತ.

ನಾಗಸೇನ ತಪ್ಪು ಒಪ್ಪಿಕೊಂಡ. ಉಡಿಯನ್ನು ಯಾವಾಗ ತುಂಬುತ್ತಾರೆಂದು ಗೊತ್ತಿರಲಿಲ್ಲ, ನಮ್ಮ ಮನೆಯಲ್ಲಿ ಆ ಪದ್ಧತಿಯಿಲ್ಲ, ಮರ್ಯಾದೆ ಮಾಡಬೇಕೆಂದಿದ್ದೆ, ಅಷ್ಟೆ ಎಂದ. ಗಂಗುಬಾಯಿ ನೆಲ ನೋಡುತ್ತ ಕೇಳಿದಳು.

"ಸಾಹೇಬ್ರ, ಅವರು ತೀರಿಕೊಂಡು ಒಂಬತ್ತು ವರ್ಷ ಆತು. ಅವತ್ತಿನಿಂದ ಯಾರೂ ನನ್ನ ಉಡ್ಯಾಗ ಒಂದು ಹಿಡಿ ಅಕ್ಕಿ ಹಾಕಿಲ್ಲ. ಲಗ್ನಕ್ಕ ಹೋದ್ರ ಹಿಂದ ಹೋಗಿ ಕುಂದರ್ತೇನಿ, ಯಾರಿಗೂ ತೊಂದ್ರಿ ಆಗಬಾರದಂತ. ಮೇಡಮ್ಮನವರ ಕೈ ನಿಂತಾಗ ನಾ ಎದ್ದು ಹೋಗೇಬಿಡ್ತಿದ್ದೆ. ನೀವು ಎಲ್ಲಾರಿಗೂ ಅಂದ್ರಿ."

"ಅದೂ ನನಗ ಗೊತ್ತಿರ್ಲಿಲ್ಲ ಗಂಗಕ್ಕ."

"ಗೊತ್ತಿಲ್ಲಂತನ ಹಾಕಿಸಿದ್ರಿ. ಗೊತ್ತಿದ್ದವರು ಯಾರೂ ಹಾಕಂಗಿಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಂಗ ಅವ್ವ ಇಲ್ಲ, ಅಪ್ಪ ಇಲ್ಲ. ಅವತ್ತು ಅನಿಸ್ತು, ಇದೇ ನನ್ನ ತವರು, ಇವತ್ತೇ ತವರು ಮುಗೀತು ಅಂತ."

ನಾಗಸೇನನ ಕಣ್ಣೂ ತುಂಬಿತ್ತು. ಮರದ ಕೆಳಗಿನ ಮುದುಕ ಬೇಕೆಂತಲೇ ಕುರಿಗಳ ಕಡೆ ಮುಖ ತಿರುಗಿಸಿದ.

"ನಿಮಗಿಂತ ಮೊದಲ ಮೂರು ಮಂದಿ ಸಾಹೇಬ್ರು ಆಗಿ ಹೋದ್ರು," ಗಂಗುಬಾಯಿ ಮುಂದುವರಿಸಿದಳು. "ಶನಿವಾರ ಇರ್ತಿದ್ರು, ಸೋಮವಾರ ಇರ್ತಿರಲಿಲ್ಲ. ಎಲ್ಲಿ ಹೋದ್ರು ಅಂತ ಕೇಳಿದ್ರ ಯಾರೂ ಹೇಳ್ತಿರಲಿಲ್ಲ. ನಾವು ಬಿಟ್ಟು ಹೋಗ್ತೇವಿ ಅಂತ ಬೋರ್ಡಿನ ಮ್ಯಾಲ ಬರೀತೀರಿ, ಅವರದ್ದು ಯಾರು ಬರೀತಾರ? ನಾ ಬರ್ತೇನ್ರಿ. ಎಲ್ಲಾರನ್ನೂ ಕರ್ಕೊಂಡು ಬರ್ತೇನಿ. ನೀವು ಇರ್ತೀರೇನು?"

ಸುಳ್ಳು ಹೇಳುವುದು ಆ ಗಳಿಗೆಯಲ್ಲಿ ಬಹಳ ಸುಲಭವಿತ್ತು. ಇರುತ್ತೇನೆ ಎಂದರೆ ನಾಳೆ ಲೈನು ಓಡುತ್ತಿತ್ತು, ಮಷಿನು ಉಳಿಯುತ್ತಿತ್ತು. ಹತ್ತು ಹನ್ನೊಂದು ದಿನದ ಮೇಲೆ ಅವನೂ ಒಂದು ಸೋಮವಾರ ಕಾಣೆಯಾದರೆ ಕೇಳುವವರಾರು? ಆದರೆ ಎದುರಿಗೆ ಕೂತವಳು ಒಂಬತ್ತು ವರ್ಷದ ಮಾತನ್ನು ಈಗಷ್ಟೇ ತೆಗೆದು ಅವನ ಮುಂದಿಟ್ಟಿದ್ದಳು.

"ಇಲ್ಲ ಗಂಗಕ್ಕ," ಎಂದ. "ಒಂದನೇ ತಾರೀಖಿಗಿ ನಾ ಹೋಗ್ತೇನಿ. ಸಂಗಾರೆಡ್ಡಿಗಿ. ಹೆಂಡ್ತಿ ಅಲ್ಲಿ ನೌಕರಿ ಮಾಡ್ತಾಳ. ಕೂಸೂ ಅಲ್ಲೇ ಅದ."

ಕುರಿಮರಿಯೊಂದು ಬಂದು ಡಬ್ಬಿಗೆ ಮೂಗು ತೂರಿಸಿತು, ಗಂಗುಬಾಯಿ ಅದನ್ನು ಆಚೆ ತಳ್ಳಿದಳು.

"ಕೂಸು ಎಷ್ಟು ವರ್ಷದ್ದು?"

"ನಾಕು."

"ನಿಮ್ಮ ಹತ್ರ ಬರ್ತದ?"

"ಭಾನುವಾರ ಮುಂಜಾನಿ ನಾಚಿಕೊಂಡು ಅವರವ್ವನ ಹಿಂದ ನಿಂದರ್ತದ. ಸಂಜಿಗಿ ಬರ್ತದ. ಅಷ್ಟ್ರಾಗ ನಾ ಹೊಂಡಬೇಕಾಗ್ತದ."

"ಮತ್ತ ಹೋಗ್ರಿ," ಎಂದಳು ಗಂಗುಬಾಯಿ ತಟ್ಟನೆ, ಗದರಿಸುವಂತೆ. "ಇದಕ್ಕ ಯಾಕ ಕಳ್ಳರಗತೆ ಇದ್ರಿ ಇಷ್ಟು ದಿನ? ಎಲ್ಲಾರೂ ಹೋಗೋರೇ. ನಾಳಿ ಆರತಿ ಲಗ್ನ ಆದ್ರ ಹೋಗ್ತಾಳ. ಆದ್ರ ಹೇಳಿ ಹೋಗ್ರಿ. ನನಗ ಒಬ್ಬಾಕಿಗಿ ಹೇಳಿದ್ರ ಆಗಲ್ಲ, ಎಲ್ಲಾರ ಮುಂದ ಹೇಳ್ರಿ." ಡಬ್ಬಿಯ ಮುಚ್ಚಳ ಹಾಕುತ್ತ ಕೇಳಿದಳು: "ಇಲ್ಲಿತನಾ ಬಿಟ್ಟು ಹೋದಾರಲ್ಲ, ಅವರನ್ನ ಯಾರರೆ ಕರಿಯಾಕ ಹೋಗೀರೇನು?"

ನಾಗಸೇನ ನೆನಪು ಮಾಡಿಕೊಂಡ. "ಇಲ್ಲ. ನೋಟಿಸ್ ಕಳಿಸ್ತಿದ್ದೆವು. ರಜಿಸ್ಟರ್ ಪೋಸ್ಟಿಲೆ."

ಗಂಗುಬಾಯಿ ಅವನ ಮುಖ ನೋಡಿದಳು. ಆಮೇಲೆ ಅವಳಿಗೆ ನಗು ಬಂತು. ಬಾಯಿಗೆ ಸೆರಗು ಅಡ್ಡ ಹಿಡಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾಗಸೇನನೂ ನಕ್ಕ. ಏಳುವಾಗ, ನಾಳೆ ಬರುತ್ತೀರಲ್ಲ ಎಂದು ಕೇಳಿದ್ದಕ್ಕೆ ಅವಳು ಮಾವನ ಕಡೆ ನೋಡಿ, "ನೀವು ಹೊಂಡ್ರಿ. ನಂಗ ಸಂಜಿತನಾ ಒಂದು ಕೆಲಸ ಅದ," ಎಂದಷ್ಟೇ ಹೇಳಿದಳು. ಹೌದು ಅಂದಳೋ ಇಲ್ಲ ಅಂದಳೋ ಅವನಿಗೆ ತಿಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಪಾಳಿ. ಎಂಟಕ್ಕೇ ಸೋಲಾಪುರದ ಲಾರಿ ಬಂದು ಗೇಟಿನ ಪಕ್ಕ ನಿಂತಿತು. ಅದರ ಡ್ರೈವರ ಕೆಳಗಿಳಿದು ಬೀಡಿ ಹಚ್ಚಿದ. ಬಸ್ಸಿಗೆ ಬಂದ ಆರತಿ ಮತ್ತು ಇನ್ನಿಬ್ಬರು ಗೇಟಿನ ಹೊರಗೇ ನಿಂತರು, ಒಳಗೆ ಬರಲೊಲ್ಲರು. ಎಂಟೂವರೆ ಆಯಿತು. ಔರಾದಿನ ವ್ಯಾನು ಬರಲಿಲ್ಲ. ಏಕನಾಥರಾಯರು ಗಡಿಯಾರ ನೋಡಿದರು, ನಾಗಸೇನನನ್ನು ನೋಡಿದರು. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಲಾರಿಯ ಡ್ರೈವರ ಬಾಗಿಲ ಕೊಂಡಿ ತೆಗೆದ.

ಆಗ ವ್ಯಾನು ಬಂತು. ಬಾಗಿಲು ಸರಿದು ಮೊದಲು ಗಂಗುಬಾಯಿ ಇಳಿದಳು. ಅವಳ ಹಿಂದೆ ಮೂರನೇ ಲೈನಿನ ಉಳಿದವರು. ಅವರ ಹಿಂದೆಯೂ ಇಳಿಯುತ್ತಲೇ ಇದ್ದರು. ಹೋದ ದೀಪಾವಳಿಗೆ ಬಿಟ್ಟವಳೊಬ್ಬಳು, ಕಂಕುಳಲ್ಲಿ ಟಿಫಿನ್ನು. ಬಾಣಂತನಕ್ಕೆ ಹೋದವಳು, ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. ಮೂರು ನೋಟಿಸು ಹೋಗಿ ಮೂರಕ್ಕೂ ಉತ್ತರ ಕೊಡದ ಸಂತಪುರದ ಅಕ್ಕತಂಗಿಯರಿಬ್ಬರು.

"ನಿನ್ನಿ ಸಂಜಿ ಕರಿಯಾಕ ಹೋಗಿದ್ದೆ," ಎಂದಳು ಗಂಗುಬಾಯಿ. "ಹೋಳಿಗಿ ಉಳಿದಿದ್ವಲ್ಲ, ಒಯ್ದೆ. ಇವರ ಮನಿಗಿ ಸುತ್ತು ಹಾಕಿ ಬರೋದ್ರಾಗ ಗಾಡಿ ತಡ ಆತ್ರಿ. ಇವತ್ತಿನ ಹಾಜರಿ ಕಟ್ ಮಾಡಬ್ಯಾಡ್ರಿ ಮತ್ತ."

ಏಕನಾಥರಾಯರು ಬೆರಳು ಮಡಚಿ ಎಣಿಸಿದರು. ಹೋದವರು ಹನ್ನೆರಡು, ಬಂದವರು ಹದಿನಾರು. ಲಾರಿಯವನಿಗೆ ಕೊಂಡಿ ಹಾಕಲು ಸನ್ನೆ ಮಾಡಿದರು.

ಎಲ್ಲರೂ ಒಳಗೆ ಬಂದು ಕೂತ ಮೇಲೆ, ಮಷಿನು ಚಾಲೂ ಆಗುವ ಮೊದಲು, ನಾಗಸೇನ ಲೈನಿನ ನಡುವೆ ನಿಂತ. ಈ ಸಲವೂ ಮಾತು ಬರೆದುಕೊಂಡು ಬಂದಿರಲಿಲ್ಲ.

"ನೀವ್ಯಾರೂ ಹೋಗೋದಿಲ್ಲ. ಹೋಗಾವ ನಾನು," ಎಂದ. "ಒಂದನೇ ತಾರೀಖಿಗಿ ಸಂಗಾರೆಡ್ಡಿಗಿ ಹೋಗ್ತೇನಿ. ನನ್ನ ಮಗಳು ಅಲ್ಲಿದ್ದಾಳ. ಮೊದಲೇ ಹೇಳಬೇಕಿತ್ತು, ಧೈರ್ಯ ಆಗಲಿಲ್ಲ. ತಪ್ಪಾತ್ರಿ."

ಬಾಗಿಲಲ್ಲಿ ನಿಂತ ಏಕನಾಥರಾಯರಿಗೆ ಇದು ಮೊದಲ ಸುದ್ದಿ. ಅವರ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಹೆಂಗಸರು ತಲೆ ತಗ್ಗಿಸಿ ಕೂತರು. ಎರಡು ವರ್ಷದಲ್ಲಿ ನಾಗಸೇನ ಎಷ್ಟೋ ಮಂದಿಯನ್ನು ಎದುರಿಗೆ ಕೂರಿಸಿಕೊಂಡು, ಯಾಕೆ ಬಿಡುತ್ತೀರಿ, ಏನು ತೊಂದರೆ, ಇನ್ನೊಂದು ತಿಂಗಳು ಇರಬಹುದಲ್ಲ ಎಂದು ಫಾರ್ಮು ತುಂಬಿಸಿದ್ದ. ಈಗ ತನ್ನನ್ನೂ ಹಾಗೇ ಕೇಳುತ್ತಾರೆ ಎಂದು ಕಾದ. ಯಾರೂ ಕೇಳಲಿಲ್ಲ.

ಮೂರು ದಿನ ಒಬ್ಬಳೇ ಕೂತು ಹೊಲಿದು ಬೇಸತ್ತಿದ್ದ ಹಮೀದುನ್ನಿಸಾ, ವ್ಯಾನಿನಿಂದ ಇಳಿದವರ ಬಾಯಿಂದ ಆಗಲೇ ಎಲ್ಲ ಕಥೆ ಕೇಳಿ ತಿಳಿದುಕೊಂಡಿದ್ದಳು. ಅವಳು ಎದ್ದು ನಿಂತಳು.

"ಸಾಬ್, ಒಂದು ಹೇಳ್ರಿ. ನಿಮ್ಮನ್ನ ಕರಿಯಾಕ ನಾವು ಯಾವಾಗ ಬರಬೇಕು? ಪಂಚಮಿಗೇನ್ರಿ?"

ನಾಗಸೇನ ಹದಿನೇಳು ಮಂದಿ ಹೆಂಗಸರ ಎದುರಿಗೆ, ಮ್ಯಾನೇಜರರ ಎದುರಿಗೆ, ಎಳೆಯ ಹುಡುಗನ ಹಾಗೆ ಅತ್ತುಬಿಟ್ಟ. ಯಾರೂ ನಗಲಿಲ್ಲ. ಆರತಿ ತನ್ನ ನೀರಿನ ಬಾಟಲಿಯನ್ನು ಅವನ ಕೈಗೆ ಕೊಟ್ಟಳು.

"ಬರ್ರಿ," ಎಂದ, ನೀರು ಕುಡಿದು. "ಪಂಚಮಿಗಿ ಬರ್ರಿ. ಕೂಸಿನ್ನೂ ಕರ್ಕೊಂಡು ಬರ್ತೇನಿ."

"ಹಂಗಾರ ಈಗ ಅಂಗಿ ಹೊಲೀರಿ," ಎಂದು ಗಂಗುಬಾಯಿ ಎಲ್ಲರಿಗೂ ಕೇಳುವಂತೆ ಹೇಳಿ, ತನ್ನ ಮಷಿನಿನ ಗುಂಡಿ ಒತ್ತಿದಳು.